ಉದ್ದನೆಯ ಆನ್‌ಲೈನ್ ಧಾರಾವಾಹಿ: ಹೇಗೆ ಜೋಡಿಸಿದರೆ ಓದುಗರು ಜೊತೆಗಿರುತ್ತಾರೆ?

ಇನ್ನೂರು ಕಂತಿನ ಕಥೆಯೊಂದನ್ನು ನಲವತ್ತೇಳನೇ ಕಂತಿನಲ್ಲಿ ಬಿಟ್ಟಿದ್ದೀರಿ ಅಂತ ಇಟ್ಟುಕೊಳ್ಳಿ. ಮನೆಯಲ್ಲಿ ಮದುವೆ ಬಂತು, ಆಫೀಸಿನಲ್ಲಿ ಕೆಲಸ ಏರಿತು, ಹದಿನೈದು ದಿನ ಓದಲು ಆಗಲಿಲ್ಲ. ಈಗ ಮತ್ತೆ ತೆರೆಯುತ್ತೀರಿ. ಎಲ್ಲಿ ಬಿಟ್ಟಿದ್ದು ಅಂತ ಒಂದು ನಿಮಿಷದೊಳಗೆ ಸಿಗುತ್ತದಾ? ಸಿಕ್ಕ ಮೇಲೆ, ಅಲ್ಲಿ ಬರುವ ಚಿಕ್ಕಪ್ಪ ಯಾರ ಕಡೆಯವನು ಅಂತ ನೆನಪಾಗುತ್ತದಾ? ಎರಡಕ್ಕೂ ಹೌದು ಅಂತಾದರೆ ಕಥೆಯನ್ನು ಚೆನ್ನಾಗಿ ಜೋಡಿಸಿದ್ದಾರೆ. ಇಲ್ಲದಿದ್ದರೆ ಕಥೆ ಎಷ್ಟೇ ಚೆನ್ನಾಗಿರಲಿ, ಓದುಗರು ಅಲ್ಲೇ ಕೈಬಿಡುತ್ತಾರೆ.

ನಾನು ಬರೆಯುವುದಕ್ಕಿಂತ ಓದುವುದೇ ಜಾಸ್ತಿ. ಬೆಂಗಳೂರಿನಲ್ಲಿ ನನ್ನ ಸುತ್ತ ಮೊಬೈಲಿನಲ್ಲಿ ಧಾರಾವಾಹಿ ಓದುವವರು ತುಂಬಾ ಜನ ಇದ್ದಾರೆ. ಮೆಟ್ರೋದಲ್ಲಿ ಓದುವ ಸಹೋದ್ಯೋಗಿಗಳು, ಮಧ್ಯಾಹ್ನ ಊಟ ಆದ ಮೇಲೆ ಓದುವ ಅತ್ತೆ, ರಾತ್ರಿ ದೀಪ ಆರಿಸಿ ಒಂದೇ ಏಟಿಗೆ ಇಪ್ಪತ್ತು ಕಂತು ಮುಗಿಸುವ ತಂಗಿ. ಇವರ ಜೊತೆ ಮಾತಾಡುತ್ತಾ ನನಗೆ ಗಟ್ಟಿಯಾದದ್ದು ಒಂದೇ ವಿಷಯ. ಕಥೆಯನ್ನು ಬರೆದವರ ಅನುಕೂಲಕ್ಕಲ್ಲ, ಬಿಟ್ಟುಹೋಗಿ ವಾಪಸ್ ಬರುವ ಓದುಗರ ಅನುಕೂಲಕ್ಕೆ ಜೋಡಿಸಬೇಕು. ಧಾರಾವಾಹಿ ಶುರು ಮಾಡಬೇಕು ಅಂತಿರುವವರಿಗಾಗಿ ಈ ಹೋಲಿಕೆ.

ಒಂದೇ ಉದ್ದ ಪುಟವೋ, ಕಂತಿಗೊಂದು ಪುಟವೋ?

ಎಲ್ಲವನ್ನೂ ಒಂದೇ ಪುಟದಲ್ಲಿ ಹಾಕಿದರೆ ನಿಜವಾದ ಲಾಭಗಳಿವೆ. ಪ್ರತಿ ಐದು ನಿಮಿಷಕ್ಕೆ 'ಮುಂದೆ' ಅಂತ ಒತ್ತುವ ಕೆಲಸ ಇಲ್ಲ. ಒಮ್ಮೆ ತೆರೆದುಕೊಂಡರೆ ನೆಟ್‌ವರ್ಕ್ ಹೋದರೂ ಓದು ನಿಲ್ಲುವುದಿಲ್ಲ. ನಮ್ಮ ಮೆಟ್ರೋದ ನೇರಳೆ ಮಾರ್ಗದಲ್ಲಿ ವೈಟ್‌ಫೀಲ್ಡ್ ಕಡೆಯಿಂದ ಬರುವವರಿಗೆ ಇದು ಗೊತ್ತು. ಎಂ.ಜಿ. ರಸ್ತೆ ದಾಟಿದ ಮೇಲೆ ರೈಲು ನೆಲದಡಿಗೆ ಇಳಿಯುತ್ತದೆ. ಕಬ್ಬನ್ ಪಾರ್ಕ್, ವಿಧಾನಸೌಧ, ಮೆಜೆಸ್ಟಿಕ್ ಎಲ್ಲಾ ಸುರಂಗದಲ್ಲೇ. ಅಲ್ಲಿ ಸಿಗ್ನಲ್ ಕೈಕೊಟ್ಟು ಮುಂದಿನ ಕಂತು ತೆರೆಯದೇ ಚಕ್ರ ತಿರುಗುತ್ತಾ ನಿಂತರೆ ಕಥೆಯ ಬಿಸಿಯೇ ಹೋಗುತ್ತದೆ. ಇನ್ನೊಂದು ಲಾಭ ಹುಡುಕಾಟ. 'ಈ ವಕೀಲರು ಮೊದಲು ಎಲ್ಲಿ ಬಂದಿದ್ದರು?' ಅಂತ ಅನಿಸಿದರೆ ಪುಟದಲ್ಲೇ ಹೆಸರು ಹುಡುಕಬಹುದು. ಕಂತು ಕಂತಾಗಿ ಬೇರೆ ಪುಟಗಳಿದ್ದರೆ ಇದು ಕಷ್ಟ.

ಆದರೆ ಉದ್ದ ಪುಟದ ತೊಂದರೆ ಒಂದೇ, ಅದು ದೊಡ್ಡದು. ಮಧ್ಯೆ ಒಂದು ಫೋನ್ ಬಂತು, ಬ್ರೌಸರ್ ಆ ಪುಟವನ್ನು ಮತ್ತೆ ಲೋಡ್ ಮಾಡಿತು, ನೀವು ಕಥೆಯ ತಲೆಯ ಹತ್ತಿರ ಬಂದು ನಿಂತಿರುತ್ತೀರಿ. ಅರವತ್ತು ಸಾವಿರ ಪದಗಳಲ್ಲಿ ನಿಮ್ಮ ಜಾಗವನ್ನು ಬೆರಳಿನಿಂದ ಎಳೆದು ಎಳೆದು ಹುಡುಕಬೇಕು. ಯಾರಿಗೆ ಬೇಕು ಅದು?

ನನ್ನ ಅಭಿಪ್ರಾಯ ಇಷ್ಟು. ಒಂದೇ ಸಲ ಕೂತು ಓದಿ ಮುಗಿಸುವಂಥ ನೀಳ್ಗತೆಯಾದರೆ ಒಂದೇ ಪುಟ ಸಾಕು. ಅದಕ್ಕಿಂತ ಉದ್ದವಾದರೆ ಕಂತಿಗೊಂದು ಪುಟ ಬೇಕೇ ಬೇಕು. ಕಥೆ ಮುಗಿದ ಮೇಲೆ ಇಡಿಯಾಗಿ ಓದುವ ದಾರಿಯನ್ನೂ ಕೊಡಿ. ಆರ್ಕೈವ್ ಆಫ್ ಅವರ್ ಓನ್ ಅನ್ನುವ, ಅಭಿಮಾನಿಗಳು ಬರೆದ ಕಥೆಗಳ ತಾಣದಲ್ಲಿ ಅಧ್ಯಾಯ ಅಧ್ಯಾಯವಾಗಿಯೂ ಓದಬಹುದು, ಒಂದು ಗುಂಡಿ ಒತ್ತಿ ಇಡೀ ಕೃತಿಯನ್ನು ಒಂದೇ ಪುಟದಲ್ಲೂ ತೆರೆಯಬಹುದು, ಇಪಬ್ (ಇ-ಪುಸ್ತಕದ ಕಡತ) ಅಥವಾ ಪಿಡಿಎಫ್ ಆಗಿ ಇಳಿಸಿಕೊಳ್ಳಲೂಬಹುದು. ಆಯ್ಕೆ ಓದುಗರ ಕೈಯಲ್ಲಿ.

ಇದು ನಮಗೆ ಹೊಸದೇನಲ್ಲ. ಸುಧಾ 1965ರಲ್ಲಿ ಶುರುವಾಯಿತು, ತರಂಗ 1983ರಲ್ಲಿ. ಆ ವಾರಪತ್ರಿಕೆಗಳಲ್ಲಿ ಧಾರಾವಾಹಿ ವಾರಕ್ಕೊಂದು ಕಂತಾಗಿ ಬರುತ್ತಿತ್ತು. ಎಷ್ಟೋ ಮನೆಗಳಲ್ಲಿ ಆ ಪುಟಗಳನ್ನು ಕತ್ತರಿಸಿ, ಜೋಡಿಸಿ, ಹೊಲಿದು, ಮೇಲೊಂದು ರಟ್ಟು ಹಾಕಿ ಇಟ್ಟುಕೊಳ್ಳುತ್ತಿದ್ದರು. ಅಂದರೆ ಓದುಗರಿಗೆ ಎರಡೂ ಬೇಕಿತ್ತು. ಕಾಯುವಾಗ ಕಂತು, ಆಮೇಲೆ ಪುಸ್ತಕ. ಆನ್‌ಲೈನ್‌ನಲ್ಲಿ ಓದುಗರು ಕತ್ತರಿ ಹಿಡಿಯಲು ಆಗಲ್ಲ. ಆ ಕೆಲಸವನ್ನು ಬರೆಯುವವರೇ ಮಾಡಿಕೊಡಬೇಕು.

ಫೇಸ್‌ಬುಕ್ ಮತ್ತು ವಾಟ್ಸಾಪ್ ಬಗ್ಗೆಯೂ ಹೇಳಬೇಕು, ಯಾಕೆಂದರೆ ಕನ್ನಡದಲ್ಲಿ ತುಂಬಾ ಧಾರಾವಾಹಿಗಳು ಅಲ್ಲೇ ಹುಟ್ಟುತ್ತವೆ. ಓದುಗರು ಬೇಗ ಸಿಗುತ್ತಾರೆ, ಮೆಚ್ಚುಗೆಯೂ ಬೇಗ ಬರುತ್ತದೆ. ಆದರೆ ಹನ್ನೆರಡನೇ ಕಂತು ಕಣ್ಣಿಗೆ ಬಿದ್ದವರಿಗೆ ಮೊದಲನೆಯದು ಸಿಗಲ್ಲ. ವಾಟ್ಸಾಪ್ ಗುಂಪಿನಲ್ಲಂತೂ ಶುಭೋದಯದ ಚಿತ್ರಗಳ ಮಧ್ಯೆ ಕಂತು ಕಳೆದೇ ಹೋಗುತ್ತದೆ. ಅಲ್ಲಿ ಹಾಕುವುದು ಬೇಡ ಅಂತಲ್ಲ. ಕಥೆಯ ಮನೆ ಬೇರೆ ಕಡೆ ಇರಲಿ, ಇಲ್ಲಿ ಬರುವುದು ಅದರ ಸುದ್ದಿ ಮತ್ತು ಕೊಂಡಿ ಮಾತ್ರ ಆಗಿರಲಿ. ಅಲ್ಲೇ ಪೂರ್ತಿ ಹಾಕಲೇಬೇಕು ಅಂದರೆ ಪ್ರತಿ ಕಂತಿನ ಕೆಳಗೆ ಎಲ್ಲಾ ಕಂತುಗಳ ಪಟ್ಟಿಯಿರುವ ಒಂದೇ ಪೋಸ್ಟಿನ ಕೊಂಡಿ ಕೊಡಿ. ಬರೀ ಹಿಂದಿನ ಕಂತಿನ ಕೊಂಡಿ ಕೊಟ್ಟರೆ ಹೊಸಬರು ಹನ್ನೊಂದು ಸಲ ಹಿಂದೆ ಹಿಂದೆ ನಡೆಯಬೇಕಾಗುತ್ತದೆ.

ದಿನಕ್ಕೊಂದು ಚಿಕ್ಕದೋ, ವಾರಕ್ಕೊಂದು ದೊಡ್ಡದೋ?

ಕಂತು ಕಂತಾಗಿ ಕಥೆ ಓದಿಸುವ ಅಮೆಜಾನಿನ ಸೇವೆ ಕಿಂಡಲ್ ವೆಲ್ಲಾ ಅಮೆರಿಕದಲ್ಲಿ 2021ರಿಂದ 2025ರ ಫೆಬ್ರವರಿವರೆಗೆ ನಡೆಯಿತು. ಅಲ್ಲಿ ಒಂದು ಕಂತು 600ರಿಂದ 5,000 ಪದಗಳ ಒಳಗೆ ಇರಬೇಕಿತ್ತು. ಅದು ಇಂಗ್ಲಿಷಿನ ಅಳತೆ. ಕನ್ನಡದಲ್ಲಿ ವಿಭಕ್ತಿ, ಕಾಲ, ಎಲ್ಲಾ ಪದಕ್ಕೇ ಅಂಟಿಕೊಳ್ಳುವುದರಿಂದ ಅಷ್ಟೇ ವಿಷಯ ಕಡಿಮೆ ಪದಗಳಲ್ಲಿ ಮುಗಿಯುತ್ತದೆ, ಒಂದೊಂದು ಪದವೂ ಉದ್ದ. ಹಾಗಾಗಿ ಇಂಗ್ಲಿಷಿನ ಸಂಖ್ಯೆಯನ್ನು ಹಾಗೇ ತಂದು ಇಟ್ಟುಕೊಳ್ಳಬೇಡಿ.

ದಿನವೂ ಬರುವ ಕಂತಿಗೆ 700ರಿಂದ 1,000 ಪದ ಹಿತ ಅಂತ ನನ್ನ ಅನಿಸಿಕೆ. ಕಾಫಿ ಕುಡಿಯುವಷ್ಟರಲ್ಲಿ ಮುಗಿಯುತ್ತದೆ, ಅಭ್ಯಾಸ ಆಗುತ್ತದೆ. ಆದರೆ ಪ್ರತಿದಿನ ಒಂದು ತಿರುವು ಕೊಡಲೇಬೇಕು ಅನ್ನುವ ಒತ್ತಡ ಬರೆಯುವವರ ಮೇಲೆ ಬೀಳುತ್ತದೆ. ಬಾಗಿಲು ತೆರೆದಾಗ ಎದುರಿಗೆ ಯಾರೋ ನಿಂತಿದ್ದರು, ಮುಂದುವರಿಯುವುದು. ಮಾರನೇ ದಿನ ನೋಡಿದರೆ ಹಾಲಿನವನು. ಎರಡು ಸಲ ಹೀಗಾದರೆ ಓದುಗರಿಗೆ ಕೋಪ ಬರುತ್ತದೆ, ಬರಲೇಬೇಕು. ಇಡೀ ಕಥೆಯನ್ನು ಆಮೇಲೆ ಒಟ್ಟಿಗೆ ಓದುವವರಿಗೆ ಈ ಸುಳ್ಳು ತಿರುವುಗಳು ಇನ್ನೂ ಕಿರಿಕಿರಿ.

ವಾರಕ್ಕೊಮ್ಮೆ 2,000ದಿಂದ 2,500 ಪದ ಹಾಕುವವರಿಗೆ ಒಂದು ಪೂರ್ತಿ ಪ್ರಸಂಗ ಹೇಳಲು ಜಾಗ ಸಿಗುತ್ತದೆ. ಊರಿನ ಜಾತ್ರೆ, ಕೋರ್ಟಿನ ವಿಚಾರಣೆ, ಅಣ್ಣ ತಮ್ಮಂದಿರ ಪಾಲು ಪಂಚಾಯಿತಿ, ಇಂಥವು ಚೂರು ಚೂರಾದರೆ ಕೆಡುತ್ತವೆ. ತೊಂದರೆ ಅಂದರೆ ಏಳು ದಿನದಲ್ಲಿ ಓದುಗರು ಮರೆಯುತ್ತಾರೆ.

ಪ್ರೇಮಕಥೆ, ಹಾಸ್ಯ, ಮನೆಮಂದಿಯ ಕಥೆಗಳಿಗೆ ಚಿಕ್ಕ ಕಂತು ಒಗ್ಗುತ್ತದೆ. ಪತ್ತೇದಾರಿ, ಇತಿಹಾಸದ ಕಥೆಗಳಿಗೆ ದೊಡ್ಡದೇ ಒಳ್ಳೆಯದು. ಸುಳಿವುಗಳು ಓದುಗರ ತಲೆಯಲ್ಲಿ ಒಟ್ಟಿಗೆ ಉಳಿಯಬೇಕಲ್ಲ. ಯಾವುದನ್ನೇ ಆರಿಸಿದರೂ ವಾರ, ಹೊತ್ತು ತಪ್ಪಿಸಬೇಡಿ. ಭಾನುವಾರ ಬೆಳಿಗ್ಗೆ ಅಂದರೆ ಭಾನುವಾರ ಬೆಳಿಗ್ಗೆಯೇ.

ಕೆಲವು ಆಪ್‌ಗಳಲ್ಲಿ ಮುಂದಿನ ಕಂತಿಗೆ ಒಂದು ದಿನ ಕಾಯಬೇಕು, ಇಲ್ಲವೇ ನಾಣ್ಯ ಕೊಟ್ಟು ಈಗಲೇ ತೆರೆಯಬೇಕು. ಬರೆಯುವವರಿಗೆ ದುಡ್ಡು ಬರುವುದು ನ್ಯಾಯವೇ. ಆದರೆ ಅಂಥ ಕಡೆ 500 ಪದದ ಕಂತು ಹಾಕಿದರೆ ಓದುಗರಿಗೆ ಮೋಸ ಹೋದಂತೆ ಅನಿಸುತ್ತದೆ. ದುಡ್ಡು ಕೊಟ್ಟು ತೆರೆದ ಕಂತಿನಲ್ಲಿ ಏನಾದರೂ ಆಗಲೇಬೇಕು.

ಸಂಖ್ಯೆಯೋ, ಹೆಸರೋ?

ಎರಡೂ ಬೇಕು. ಬರೀ ಸಂಖ್ಯೆ ಇದ್ದರೆ ಪರಿವಿಡಿ ನೋಡಿದಾಗ ಏನೂ ನೆನಪಾಗಲ್ಲ. ಬರೀ ಹೆಸರಿದ್ದರೆ ಯಾವುದಾದ ಮೇಲೆ ಯಾವುದು ಅಂತ ಗೊತ್ತಾಗಲ್ಲ. 'ಕಂತು 047: ಬಸವನಗುಡಿಯ ಮನೆ' ಅಂತಿದ್ದರೆ ಸಾಕು, ಹದಿನೈದು ದಿನ ಬಿಟ್ಟು ಬಂದವರಿಗೂ ಥಟ್ ಅಂತ ಹೊಳೆಯುತ್ತದೆ. ಹೆಸರಿನಲ್ಲಿ ಗುಟ್ಟು ಬಿಟ್ಟುಕೊಡಬೇಡಿ. 'ಸುಮಾಳ ಸಾವು' ಅಂತ ತೊಂಬತ್ತನೇ ಕಂತಿಗೆ ಹೆಸರಿಟ್ಟರೆ, ಮೊದಲ ಕಂತಿಗೆ ಬಂದವರು ಪರಿವಿಡಿಯಲ್ಲೇ ಅದನ್ನು ನೋಡಿಬಿಡುತ್ತಾರೆ. ಆಮೇಲೆ ಸುಮಾ ನಗುವ ಪ್ರತಿ ಪುಟವೂ ಹಾಳು.

ಮೇಲೆ 047 ಅಂತ ಬರೆದಿದ್ದಕ್ಕೆ ಕಾರಣ ಇದೆ. ಕಂಪ್ಯೂಟರು ಎಷ್ಟೋ ಕಡೆ ಹೆಸರುಗಳನ್ನು ಅಕ್ಷರಗಳಾಗಿಯೇ ನೋಡಿ ಸಾಲಾಗಿ ಇಡುತ್ತದೆ. ಆಗ 1 ಆದ ಮೇಲೆ 10, 11, ಆಮೇಲೆ 2 ಬರುತ್ತದೆ. ಮುಂದೆ ಸೊನ್ನೆ ಹಾಕಿದರೆ ಸಾಲು ಸರಿ ಇರುತ್ತದೆ. ಹಾಗೇ ಕನ್ನಡ ಅಂಕಿಯೋ ಇಂಗ್ಲಿಷ್ ಅಂಕಿಯೋ ಒಂದನ್ನೇ ಹಿಡಿಯಿರಿ. ೧೨ ಮತ್ತು 12 ನಮ್ಮ ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ ಬೇರೆ ಅಕ್ಷರ. ಹುಡುಕಿದಾಗ ಅರ್ಧ ಕಂತುಗಳು ಸಿಗದೇ ಹೋಗಬಹುದು. 'ಭಾಗ 5', 'ಸಂಚಿಕೆ 6', 'ಕಂತು 7' ಅಂತ ಒಂದೇ ಕಥೆಯಲ್ಲಿ ಮೂರು ಬಗೆ ಬರೆಯುವುದನ್ನೂ ನೋಡಿದ್ದೇನೆ. ದಯವಿಟ್ಟು ಬೇಡ.

ಕಥೆ ಯೂನಿಕೋಡ್‌ನಲ್ಲೇ, ಅಂದರೆ ಎಲ್ಲಾ ಫೋನುಗಳಲ್ಲೂ ಕಾಣುವ ಅಕ್ಷರದಲ್ಲೇ ಇರಲಿ. ಪುಟವನ್ನು ಚಿತ್ರವಾಗಿ ಹಾಕಿದರೆ ಹುಡುಕಲೂ ಆಗಲ್ಲ, ಅಕ್ಷರ ದೊಡ್ಡದು ಮಾಡಲೂ ಆಗಲ್ಲ, ಕಣ್ಣು ಕಾಣದವರ ಫೋನು ಅದನ್ನು ಓದಿ ಹೇಳಲೂ ಆಗಲ್ಲ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಬರೆದದ್ದಿದ್ದರೆ ಯೂನಿಕೋಡಿಗೆ ಬದಲಿಸಿಯೇ ಹಾಕಿ. ಪಿಡಿಎಫ್‌ಗಿಂತ ಇಪಬ್ ಮೇಲು. ಎ4 ಅಳತೆಯ ಪಿಡಿಎಫ್ ಫೋನಿನಲ್ಲಿ ಇರುವೆ ಸಾಲಿನಂತೆ ಕಾಣುತ್ತದೆ. ಇಪಬ್ ಪರದೆಗೆ ತಕ್ಕಂತೆ ಸಾಲು ಮುರಿದುಕೊಳ್ಳುತ್ತದೆ.

ಎಳೆಗಳು ಹಲವಾದಾಗ

ಓದುಗರು ಅತಿ ಹೆಚ್ಚು ಜಗಳ ಆಡುವುದು ಇಲ್ಲಿ. ನನಗೂ ಗಟ್ಟಿ ಅಭಿಪ್ರಾಯ ಇರುವುದು ಇಲ್ಲೇ.

ಒಂದು ಮನೆ ಅಂದುಕೊಳ್ಳಿ. ಅಕ್ಕ ಮಲ್ಲೇಶ್ವರದಲ್ಲಿ ಅಪ್ಪ ಅಮ್ಮನನ್ನು ನೋಡಿಕೊಳ್ಳುತ್ತಿದ್ದಾಳೆ. ತಮ್ಮ ದುಬೈನಲ್ಲಿ ಸಾಲದಲ್ಲಿ ಮುಳುಗಿದ್ದಾನೆ. ಕಿರಿಯವಳು ಹಾಸನದ ಹತ್ತಿರ ತೋಟ ಮಾಡುತ್ತಿದ್ದಾಳೆ. ಮೂರು ಎಳೆ. ಜೋಡಿಸುವ ದಾರಿಯೂ ಮೂರು.

ಮೊದಲನೆಯದು ಸರದಿ. ಒಂದು ಕಂತು ಅಕ್ಕನದು, ಒಂದು ತಮ್ಮನದು, ಒಂದು ಕಿರಿಯವಳದು. ಪುಸ್ತಕವಾಗಿ ಓದುವಾಗ ಇದು ಸೊಗಸು. ಆದರೆ ವಾರಕ್ಕೊಂದು ಕಂತು ಬರುವಾಗ ಲೆಕ್ಕ ಹಾಕಿ. ತಮ್ಮನ ಮನೆ ಬಾಗಿಲಿಗೆ ಸಾಲಗಾರ ಬಂದ, ಮುಂದೇನಾಯಿತು ಅಂತ ತಿಳಿಯಲು ಮೂರು ವಾರ ಕಾಯಬೇಕು. ಅಷ್ಟರಲ್ಲಿ ಸಾಲಗಾರನ ಹೆಸರೇ ಮರೆತಿರುತ್ತದೆ. ಓದುಗರಲ್ಲಿ ಕೆಲವರು ತಮಗೆ ಬೇಕಾದ ಎಳೆಯನ್ನಷ್ಟೇ ಓದಿ ಉಳಿದದ್ದನ್ನು ಹಾರಿಸುತ್ತಾರೆ. ಎಳೆಗಳು ಒಂದಾಗುವ ಹೊತ್ತಿಗೆ ಅವರಿಗೆ ಏನೂ ಅರ್ಥವಾಗಲ್ಲ. ದಿನಕ್ಕೊಂದು ಕಂತು ಬರುವ ಕಥೆಯಾದರೆ ಸರದಿ ನಡೆಯುತ್ತದೆ, ಮೂರು ದಿನ ಕಾಯುವುದು ಯಾರಿಗೂ ಕಷ್ಟವಲ್ಲ.

ಎರಡನೆಯದು ಕಟ್ಟು ಕಟ್ಟಾಗಿ ಹೇಳುವುದು. ನಾಲ್ಕೈದು ಕಂತು ಅಕ್ಕನದೇ, ಆಮೇಲೆ ನಾಲ್ಕೈದು ತಮ್ಮನದು. ಓದುಗರು ಒಬ್ಬರ ಮನೆಯಲ್ಲಿ ನೆಲೆಯಾಗಿ ಕೂರುತ್ತಾರೆ. ತೊಂದರೆ ಅಂದರೆ ಬಿಟ್ಟುಬಂದ ಎಳೆ ತಣ್ಣಗಾಗುತ್ತದೆ. ಇದಕ್ಕೆ ಒಳ್ಳೆಯ ಮದ್ದು, ಕಟ್ಟು ಬದಲಾಗುವ ಜಾಗದಲ್ಲಿ ಇಬ್ಬರಿಗೂ ಸೇರಿದ ಒಂದು ಘಟನೆ ಇಡುವುದು. ಅಪ್ಪನಿಗೆ ಎದೆನೋವು ಬಂತು, ಅಕ್ಕ ತಮ್ಮನಿಗೆ ಫೋನ್ ಮಾಡಿದಳು. ಅಲ್ಲಿಗೆ ಅಕ್ಕನ ಕಟ್ಟು ಮುಗಿಯಿತು. ಮುಂದಿನ ಕಂತು ಅದೇ ಫೋನನ್ನು ತಮ್ಮ ಎತ್ತುವುದರಿಂದ ಶುರು. ಓದುಗರಿಗೆ ದಾರಿ ತಪ್ಪುವುದೇ ಇಲ್ಲ.

ಮೂರನೆಯದು ಬೇರೆ ಬೇರೆ ಕಥೆಗಳಾಗಿಯೇ ಹಾಕುವುದು. ಅಕ್ಕನದೊಂದು ಧಾರಾವಾಹಿ, ತಮ್ಮನದೊಂದು. ಕೇಳಲು ಚೆನ್ನಾಗಿದೆ. ಆದರೆ ಯಾವುದನ್ನು ಎಷ್ಟು ಓದಿ ಯಾವುದಕ್ಕೆ ಹೋಗಬೇಕು ಅನ್ನುವ ಗೊಂದಲ ಓದುಗರ ತಲೆಗೆ ಬೀಳುತ್ತದೆ. ಒಂದೇ ಘಟನೆಯನ್ನು ಎರಡು ಸಲ ಹೇಳಬೇಕಾಗುತ್ತದೆ. ಒಂದೊಂದೂ ತಾನಾಗಿ ನಿಲ್ಲುವಷ್ಟು ಗಟ್ಟಿ ಇದ್ದರೆ ಮಾತ್ರ ಈ ದಾರಿ ಹಿಡಿಯಿರಿ. ಆಗಲೂ ಎಲ್ಲಕ್ಕೂ ಸೇರಿ ಒಂದು ಪರಿವಿಡಿ ಇರಲೇಬೇಕು.

ವಾರದ ಧಾರಾವಾಹಿಗೆ ಕಟ್ಟು ಕಟ್ಟಾಗಿ ಹೇಳುವುದೇ ಸರಿ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಯಾವ ದಾರಿ ಹಿಡಿದರೂ ಕಂತಿನ ತಲೆಯಲ್ಲಿ 'ದುಬೈ, ಅದೇ ರಾತ್ರಿ' ಅಥವಾ 'ಹಾಸನ, 1994' ಅಂತ ಒಂದು ಸಾಲು ಇದ್ದರೆ ಅರ್ಧ ಗೊಂದಲ ಹೋಗುತ್ತದೆ.

ಹಿಂದಿನ ಕಾಲದ ಕಥೆಯನ್ನು ಆಮೇಲೆ ಬರೆದರೆ ಅದನ್ನು ಎಲ್ಲಿಡಬೇಕು? ಅಪ್ಪನ ಯೌವನದ ಕಥೆ ಕಾಲದ ಲೆಕ್ಕದಲ್ಲಿ ಮೊದಲು ಬರಬೇಕು, ನಿಜ. ಆದರೆ ಹೊಸಬರಿಗೆ ನೀವು ಬರೆದ ಕ್ರಮವೇ ಒಳ್ಳೆಯದು. ಅಪ್ಪ ಯಾಕೆ ಮಾತು ಕಮ್ಮಿ ಮಾಡಿದ ಅನ್ನುವ ಕುತೂಹಲವೇ ಕಥೆಯನ್ನು ಎಳೆಯುತ್ತಿರುತ್ತದೆ, ಉತ್ತರ ಮೊದಲೇ ಕೊಟ್ಟರೆ ಎಳೆಯಲು ಏನು ಉಳಿಯಿತು? ಎರಡನೇ ಸಲ ಓದುವವರಿಗಾಗಿ ಕಾಲಕ್ರಮದ ಪಟ್ಟಿಯನ್ನು ಬೇರೆಯಾಗಿ ಕೊಡಿ.

'ಇಲ್ಲಿಯವರೆಗೆ' ಬೇಕಾ?

ಪತ್ರಿಕೆಗಳಲ್ಲಿ ಕಂತಿನ ಮೇಲೆ 'ಇಲ್ಲಿಯವರೆಗೆ' ಅಂತ ನಾಲ್ಕು ಸಾಲು ಇರುತ್ತಿತ್ತು. ಅದಕ್ಕೂ ಎಷ್ಟೋ ಹಿಂದೆ, ಕುಮಾರವ್ಯಾಸನ ಭಾರತದಲ್ಲಿ ಸಂಧಿಯ ಮೊದಲಿಗೆ 'ಸೂಚನೆ' ಅಂತ ಒಂದು ಚಿಕ್ಕ ಪದ್ಯ ಬರುತ್ತದೆ. ಆ ಸಂಧಿಯಲ್ಲಿ ಏನು ನಡೆಯಲಿದೆ ಅಂತ ಅದು ಮುಂಚೆಯೇ ಹೇಳಿಬಿಡುತ್ತದೆ. ಹತ್ತು ಪರ್ವಗಳ ಕಾವ್ಯ ಅದು. ಗಮಕಿಗಳು ಹಾಡುವುದನ್ನು ಕೇಳಲು ಇವತ್ತು ಬಂದವರು ನಿನ್ನೆ ಬಂದಿರದೇ ಇರಬಹುದು. ಅವರಿಗೂ ಕಥೆಯ ಕೈ ಸಿಗಬೇಕಲ್ವಾ? 'ಇಲ್ಲಿಯವರೆಗೆ' ಹಿಂದೆ ತಿರುಗಿ ನೋಡುತ್ತದೆ, 'ಸೂಚನೆ' ಮುಂದೆ ನೋಡುತ್ತದೆ.

ಎಲ್ಲರಿಗೂ ಗೊತ್ತಿರುವ ಕಥೆಗೆ ಸೂಚನೆಯಿಂದ ನಷ್ಟವಿಲ್ಲ. ಪೌರಾಣಿಕ ಕಥೆಯನ್ನು ನಿಮ್ಮದೇ ರೀತಿಯಲ್ಲಿ ಹೇಳುತ್ತಿದ್ದರೆ ಈ ಹಳೆಯ ಪದ್ಧತಿಯನ್ನು ಧಾರಾಳವಾಗಿ ಹಿಡಿಯಬಹುದು, ತುಂಬಾ ಚಂದ ಕಾಣುತ್ತದೆ. ಹೊಸ ಕಥೆಗೆ 'ಇಲ್ಲಿಯವರೆಗೆ' ಸರಿ. ಆದರೆ ಪ್ರತಿ ಕಂತಿಗೂ ಹಾಕಿದರೆ ಒಟ್ಟಿಗೆ ಓದುವವರಿಗೆ ಅದೇ ಅದೇ ಮಾತು ಕಣ್ಣಿಗೆ ಹೊಡೆಯುತ್ತದೆ. ನನ್ನ ತಂಗಿ ಅಂಥ ಕಡೆ ಸುಮ್ನೆ ಎಂಟು ಹತ್ತು ಸಾಲು ಜಾರಿಸಿಬಿಡುತ್ತಾಳೆ, ಕೆಲವೊಮ್ಮೆ ಕಥೆಯ ಮೊದಲ ಸಾಲೂ ಅದರ ಜೊತೆ ಹೋಗುತ್ತದೆ. ದಿನದ ಕಂತಿಗೆ ಬೇಡ. ವಾರದ ಕಂತಿಗೆ ಎರಡು ಸಾಲು ಸಾಕು. ಹೊಸ ಭಾಗ ಶುರುವಾದಾಗ ಮತ್ತು ಕಥೆ ಒಂದು ತಿಂಗಳು ನಿಂತು ಮತ್ತೆ ಹೊರಟಾಗ ಮಾತ್ರ ಉದ್ದಕ್ಕೆ ಬರೆಯಿರಿ.

ಪಾತ್ರಗಳ ಪಟ್ಟಿಯನ್ನು ಬೇರೆ ಪುಟದಲ್ಲಿ ಇಡಿ. 'ನಾಗರಾಜ: ಅಕ್ಕನ ಮೈದುನ' ಅನ್ನುವಷ್ಟೇ ಇರಲಿ. ಅವನು ಮುಂದೆ ಏನು ಮಾಡುತ್ತಾನೆ ಅನ್ನುವುದು ಬೇಡ.

ಇನ್ನೂರು ಕಂತಿನ ಒಂದು ಕಥೆಯೋ, ನಾಲ್ಕು ಭಾಗವೋ?

ಭಾಗ ಮಾಡಿ. ಇನ್ನೂರು ಅನ್ನುವ ಸಂಖ್ಯೆ ನೋಡಿಯೇ ಹೊಸಬರು ಹಿಂದೆ ಸರಿಯುತ್ತಾರೆ. ಐವತ್ತು ಕಂತಿನ ಮೊದಲ ಭಾಗ ಅಂದರೆ ಕೈ ಹಾಕುತ್ತಾರೆ. ಆದರೆ ಐವತ್ತು ಆಯಿತು ಅಂತ ಅಳತೆ ಹಿಡಿದು ಕತ್ತರಿಸುವುದಲ್ಲ. ಒಂದು ಪ್ರಶ್ನೆಗೆ ಉತ್ತರ ಸಿಕ್ಕು, ಇನ್ನೊಂದು ಪ್ರಶ್ನೆ ಹುಟ್ಟುವಲ್ಲಿ ಭಾಗ ಮುಗಿಯಬೇಕು. ಅಲ್ಲಿ ನಿಲ್ಲಿಸಿದ ಓದುಗರಿಗೂ ಒಂದು ಕಥೆ ಓದಿದ ತೃಪ್ತಿ ಇರಬೇಕು. ಸಂಖ್ಯೆಯನ್ನು ಮಾತ್ರ ಪ್ರತಿ ಭಾಗಕ್ಕೂ ಒಂದರಿಂದ ಶುರು ಮಾಡಬೇಡಿ. 'ಮೂರನೇ ಭಾಗದ ಹತ್ತನೇ ಕಂತು' ಅಂತ ಹುಡುಕುವುದಕ್ಕಿಂತ 'ಕಂತು 110' ಅಂತ ಹುಡುಕುವುದು ಸುಲಭ.

ಪೂರ್ತಿ ಬರೆದು ಹಾಕುವುದು, ಬರೆಯುತ್ತಾ ಹಾಕುವುದು, ಈ ಎರಡರಲ್ಲಿ ಓದುವವಳಾಗಿ ನನ್ನ ಮತ ಮಧ್ಯದ ದಾರಿಗೆ. ಒಂದು ಭಾಗವನ್ನು ಪೂರ್ತಿ ಬರೆದಿಟ್ಟುಕೊಂಡು ಅದನ್ನು ಹಾಕಲು ಶುರು ಮಾಡಿ. ಓದುಗರ ಮಾತು ಕೇಳಿ ಮುಂದಿನ ಭಾಗ ತಿದ್ದಬಹುದು, ಜ್ವರ ಬಂದು ಮಲಗಿದರೂ ಕಂತು ತಪ್ಪುವುದಿಲ್ಲ. ಹಳೆಯ ಕಂತನ್ನು ಬದಲಿಸಿದರೆ ಹೇಳಿ. ಮೂವತ್ತನೇ ಕಂತಿನಲ್ಲಿ ಮಾವನಾಗಿದ್ದವರು ಈಗ ದೊಡ್ಡಪ್ಪ ಆಗಿದ್ದರೆ, ಹೊಸ ಕಂತಿನ ಮೇಲೆ ಒಂದು ಸಾಲಿನ ಟಿಪ್ಪಣಿ ಸಾಕು.

ಕಥೆಯ ಮೊದಲ ಪುಟದಲ್ಲಿ ಅದರ ಸ್ಥಿತಿ ಕಾಣಬೇಕು. ನಡೆಯುತ್ತಿದೆ, ಮುಗಿದಿದೆ, ಸದ್ಯಕ್ಕೆ ನಿಂತಿದೆ, ಈ ಮೂರರಲ್ಲಿ ಒಂದು. ಮುಗಿದ ಕಥೆಯನ್ನಷ್ಟೇ ಓದುವವರು ತುಂಬಾ ಜನ ಇದ್ದಾರೆ. ಅವರು ಬರುವುದು ನೀವು ಬರೆದು ಮುಗಿಸಿ ವರ್ಷ ಆದ ಮೇಲೆ. ಆಗ ಕೊನೆಯ ಕಂತಿನಲ್ಲಿ ಇನ್ನೂ 'ಸಶೇಷ' ಅಂತ ಉಳಿದಿದ್ದರೆ ಅಳಿಸಿ. ಮಧ್ಯದಲ್ಲಿ 'ನಾಳೆ ಸಂಜೆ ಆರಕ್ಕೆ ಮುಂದಿನ ಕಂತು' ಅಂತ ಹಾಕಿದ ಸಾಲುಗಳನ್ನೂ ತೆಗೆಯಿರಿ. ಕಥೆಯ ಒಂದು ಪ್ರತಿ ನಿಮ್ಮ ಕಂಪ್ಯೂಟರಿನಲ್ಲಿ ಇರಲಿ, ಕಂತಿಗೊಂದು ಕಡತ, 001ರಿಂದ ಶುರು. ತಾಣಗಳು ಮುಚ್ಚುತ್ತವೆ, ವೆಲ್ಲಾ ಮುಚ್ಚಿದ ಹಾಗೆ. ಪ್ರತಿ ನಿಮ್ಮ ಹತ್ತಿರ ಇದ್ದರೆ ಇನ್ನೊಂದು ಕಡೆ ಅದೇ ಕ್ರಮದಲ್ಲಿ ಹಾಕಲು ಒಂದು ಮಧ್ಯಾಹ್ನ ಸಾಕು.